ಕಣ್ಣಿನೊಳಗಿನ ಮಚ್ಚೆ

ದಸರಾ ರಜೆಯಲ್ಲಿ ಮೊಮ್ಮಗಳ ಗ್ರಾಫ್ ಪುಸ್ತಕ ನೋಡಿ, “ಇದೇನಮ್ಮ, ಗೆರೆಗಳೆಲ್ಲ ಸೊಟ್ಟಗೆ ಅಚ್ಚಾಗಿವೆ!” ಎಂದೆ. ಅವಳು ನಕ್ಕು, “ಒಂದು ಕಣ್ಣು ಮುಚ್ಚಿ ನೋಡು ತಾತ” ಎಂದಳು. ಬಲಗಣ್ಣು ಮುಚ್ಚಿದೆ, ಗೆರೆ ನೆಟ್ಟಗಿತ್ತು. ಎಡಗಣ್ಣು ಮುಚ್ಚಿದರೆ ನಡುವಿನ ಗೆರೆಗಳು ಬಿಸಿಲಿಗೆ ಬಾಗಿದ ಕಡ್ಡಿಯಂತೆ!

ಹತ್ತು ವರ್ಷದ ಹಿಂದೆ ಕನ್ನಡಕಕ್ಕೆಂದು ಹೋದಾಗ ಆ ಕಣ್ಣಿನೊಳಗೆ, ಅಕ್ಷಿಪಟಲದ ಕೆಳಗೆ, ಒಂದು ಮಚ್ಚೆ ಕಂಡಿತ್ತು. ಕೆನ್ನೆಯ ಮೇಲಿರುವಂಥದ್ದೇ, ಭಯವಿಲ್ಲ, ವರ್ಷಕ್ಕೊಮ್ಮೆ ಫೋಟೊ ತೆಗೆಸಿ ಎಂದಿದ್ದರು. ಎರಡು ವರ್ಷ ಹೋದೆ, ಆಮೇಲೆ ಬಿಟ್ಟೆ. ಈಗ ಅದೇ ನೆನಪಾಗಿ ಎದೆ ಝಲ್ಲೆಂದಿತು. ಕ್ಯಾನ್ಸರ್ ಇರಬಹುದೇ? ಎಂಟು ದಿನ ಮನೆಯಾಕೆಗೂ ಹೇಳಲಿಲ್ಲ. ಮೊಮ್ಮಗಳೇ ಹೇಳಿಬಿಟ್ಟಳು.

ಆಸ್ಪತ್ರೆಯಲ್ಲಿ ಮೊದಲು ತೋರಿಸಿದ್ದು ಚೌಕಳಿ ಕಾಗದವನ್ನೇ. ಸ್ವಿಟ್ಜರ್ಲೆಂಡಿನ ಕಣ್ಣಿನ ವೈದ್ಯ ಆಮ್ಸ್ಲರ್ ಅವರ ಹೆಸರಿನದಂತೆ. ಆಮೇಲೆ ಒಸಿಟಿ ಎಂಬ ಯಂತ್ರ. ನೋವಿಲ್ಲ, ಬರೀ ಬೆಳಕು. ಪರದೆಯ ಮೇಲೆ ಅಕ್ಷಿಪಟಲ ಚಿರೋಟಿಯಂತೆ ಪದರ ಪದರವಾಗಿ ಕಂಡಿತು. ಒಂದೆಡೆ ಪದರದ ಕೆಳಗೆ ನೀರು ಸೇರಿ ಉಬ್ಬಿತ್ತು. ತೋಳಿಗೆ ಹಳದಿ ಬಣ್ಣ ಚುಚ್ಚಿ ಇನ್ನೊಂದು ಫೋಟೊ ತೆಗೆದರು. (ಮರುದಿನದವರೆಗೂ ಮೂತ್ರ ಕಿತ್ತಳೆ ಬಣ್ಣ! ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ.)

“ಸರ್, ಎರಡು ಅನುಮಾನ” ಎಂದರು ಡಾಕ್ಟರಮ್ಮ. “ಮಚ್ಚೆಯೇ ಕೆಟ್ಟು ಬೆಳೆಯುತ್ತಿರಬಹುದು. ಇಲ್ಲವೇ ಮಚ್ಚೆಯ ಮೇಲೆ ಹೊಸದಾಗಿ ಹುಟ್ಟಿದ ದುರ್ಬಲ ರಕ್ತನಾಳ ಸೋರುತ್ತಿರಬಹುದು. ಹಳೆಯ ಫೋಟೊ ಇದೆಯೇ?”

ಇತ್ತು! ಯಾವ ಕಾಗದವನ್ನೂ ಎಸೆಯದ ನನ್ನ ಬ್ಯಾಂಕಿನ ಚಾಳಿಗೆ ಮನೆಯಾಕೆ ಎಷ್ಟು ಬೈದಿದ್ದಾಳೋ! ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದರು. ಸ್ಕ್ಯಾನ್ ಮಾಡಿ ದಪ್ಪವನ್ನೂ ಅಳೆದರು. ಮಚ್ಚೆ ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ತಂಟೆ ಆ ಹೊಸ ನಾಳದ್ದು.

ಸೋರಿಕೆಯಿಲ್ಲದಿದ್ದರೆ ಸುಮ್ಮನೆ ಗಮನಿಸುತ್ತಾರಂತೆ. ನನ್ನದು ದೃಷ್ಟಿಗೇ ಬಂದಿದ್ದರಿಂದ ಕಣ್ಣಿನೊಳಗೇ ಇಂಜೆಕ್ಷನ್! ಕೇಳಿಯೇ ಕಾಲು ನಡುಗಿತು. ಮರಗಟ್ಟಿಸುವ ಹನಿ ಹಾಕಿ, ಬಿಳಿಗುಡ್ಡೆಯ ಬದಿಯಿಂದ ಚುಚ್ಚಿದರು. ಒತ್ತಿದಂತಾಯಿತು, ಅಷ್ಟೆ. ನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ತಡೆಯುವ ಮದ್ದದು. ತಿಂಗಳಿಗೊಂದರಂತೆ ಮೂರು ಆದ ಮೇಲೆ ನೀರು ಇಂಗಿತು. ಮಚ್ಚೆ ಅಲ್ಲೇ ಇದೆ. ನಾಳ ಮತ್ತೆ ಸೋರಲೂಬಹುದು, ತಪಾಸಣೆ ತಪ್ಪಿಸಬೇಡಿ ಎಂದಿದ್ದಾರೆ.

ಫ್ರಿಜ್ಜಿನ ಬಾಗಿಲಿಗೆ ಚೌಕಳಿ ಕಾಗದ ಅಂಟಿಸಿದ್ದೇನೆ. ಕಾಫಿಗೆ ಮುಂಚೆ ಒಂದೊಂದೇ ಕಣ್ಣು ಮುಚ್ಚಿ ನೋಡಿ, ಡೈರಿಯಲ್ಲಿ ತಾರೀಖು ಹಾಕುತ್ತೇನೆ. ಭಾನುವಾರ ಮೊಮ್ಮಗಳ ಫೋನು ಬರುತ್ತದೆ: “ತಾತ, ಗೆರೆ ನೆಟ್ಟಗಿದೆಯಾ?”

“ಒಂದೇ ಒಂದು ಸ್ವಲ್ಪ ಬಾಗಿದೆ ಪುಟ್ಟಿ. ಹೋದ ವಾರದಷ್ಟೇ.”