ನಾಗವಲ್ಲಿಯನ್ನು ಓಡಿಸಿದ್ದು ಯಾರು?

ಸೊರಬ ತಾಲ್ಲೂಕಿನ ಒಂದು ಹಳ್ಳಿಮನೆ. ಹೊರಗೆ ಆಷಾಢದ ಮಳೆ. ಟಿ.ವಿ.ಯಲ್ಲಿ ‘ಆಪ್ತಮಿತ್ರ’ ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಎಂಟನೇ ತರಗತಿಯ ಹುಡುಗ ಮಾತ್ರ ಕುಳಿತಲ್ಲಿಂದ ಏಳಲಿಲ್ಲ. ಬಚ್ಚಲುಮನೆ ಇರುವುದು ಹಿತ್ತಿಲಿನಲ್ಲಿ. ಅದರಾಚೆ ಅಡಿಕೆ ತೋಟ.

“ಅಮ್ಮಾ, ಬ್ಯಾಟರಿ ತಗೊಂಡು ನೀನೂ ಬಾ.”

ಪಿಯುಸಿ ಓದುವ ಅಕ್ಕ ಸುಮ್ಮನಿದ್ದಾಳೆಯೇ? “ಇಷ್ಟು ಹೊತ್ತು ಬಿದ್ದು ಬಿದ್ದು ನಗ್ತಿದ್ದೆಯಲ್ಲ, ಈಗೆಂತ ಬಂತು ನಿಂಗೆ?”

ನಿಜ. ದ್ವಾರಕೀಶ್ ಹೆದರಿ ನಡುಗುವಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಆದರೆ ನಗು ಟಿ.ವಿ.ಯ ಜೊತೆಯಲ್ಲೇ ಆರಿಹೋಗಿತ್ತು. ಹೆದರಿಕೆ ಕತ್ತಲಲ್ಲಿ ಉಳಿದುಕೊಂಡಿತ್ತು. ಹೆದರಿಕೆಯ ಗುಣವೇ ಅದು. ತೆರೆಯ ಮೇಲಿನದು ಸುಳ್ಳು ಎಂದು ಬುದ್ಧಿಗೆ ಗೊತ್ತಿರುತ್ತದೆ, ಎದೆಬಡಿತಕ್ಕೆ ಗೊತ್ತಿರುವುದಿಲ್ಲ.

“ಅದಿರಲಿ, ಕೊನೆಗೆ ನಾಗವಲ್ಲಿ ದೆವ್ವ ಹೌದೋ ಅಲ್ವೋ, ಅದನ್ನ ಹೇಳಿ” ಎಂದ ಹುಡುಗ.

ಲಾಟೀನು ಹಚ್ಚಿದ್ದೇ ತಡ, ಜಗುಲಿಯಲ್ಲಿ ಚರ್ಚೆ ಶುರುವಾಯಿತು.

ಅಜ್ಜಿಯದು ನೇರ ತೀರ್ಪು. “ದೆವ್ವ ಅಲ್ದೆ ಮತ್ತೆಂತು? ಆ ಆಚಾರ್ರು ಬಂದು ಕೂತಿದ್ದಕ್ಕೆ ಬಿಟ್ಟು ಹೋಯ್ತು. ಇಲ್ದಿದ್ರೆ ಹೋಗ್ತಿತ್ತಾ?” ಅಜ್ಜಿಗೆ 1979ರ ‘ನಾ ನಿನ್ನ ಬಿಡಲಾರೆ’ ಇನ್ನೂ ನೆನಪಿದೆ. ಅದರಲ್ಲಿ ದೆವ್ವ ಎಂದರೆ ದೆವ್ವವೇ, ಯಾವ ಡಾಕ್ಟರೂ ನಡುವೆ ಬಂದು ಗೊಂದಲ ಮಾಡುವುದಿಲ್ಲ!

“ಆಚಾರ್ರೇ ಡಾಕ್ಟರ ಮಾತು ಕೇಳಿದ್ರಲ್ಲ ಅಜ್ಜಿ. ಅದು ಮನಸ್ಸಿನ ಕಾಯಿಲೆ” ಎಂದಳು ಮೊಮ್ಮಗಳು.

ಅಪ್ಪನಿಗೆ ಎರಡೂ ಬೇಡ. 2004ರಲ್ಲಿ ಸಾಗರದ ಟಾಕೀಸಿನಲ್ಲಿ ಕ್ಯೂ ನಿಂತು ನೋಡಿದವನು ಆತ. “ದೆವ್ವನೋ ಕಾಯಿಲೆನೋ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಹೆದರಿಕೆ ಇದೆ, ನಗು ಇದೆ, ಹಾಡಿದೆ. ಇನ್ನೇನು ಬೇಕು?”

ಒಂದೇ ಸಿನಿಮಾ, ಒಂದೇ ಜಗುಲಿ, ಮೂರು ಅಭಿಪ್ರಾಯ. 2004ರ ಆಗಸ್ಟ್‌ನಲ್ಲಿ ತೆರೆಕಂಡ ಈ ಚಿತ್ರದ ಗುಟ್ಟೂ ಬಹುಶಃ ಇದರಲ್ಲೇ ಇದೆ. ನಿರ್ದೇಶನ ಪಿ. ವಾಸು ಅವರದು, ನಿರ್ಮಾಪಕರು ದ್ವಾರಕೀಶ್, ಸಂಗೀತ ಗುರುಕಿರಣ್ ಅವರದು. ಮನೋವೈದ್ಯನಾಗಿ ವಿಷ್ಣುವರ್ಧನ್, ಗಂಗಾ ಆಗಿ ಸೌಂದರ್ಯ, ಅವಳ ಗಂಡನಾಗಿ ರಮೇಶ್ ಅರವಿಂದ್, ಆಚಾರ್ಯರಾಗಿ ಅವಿನಾಶ್. ಮೂಲ ಕಥೆ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’. ಅಲ್ಲಿ ತಮಿಳು ನರ್ತಕಿಯಾಗಿದ್ದ ನಾಗವಲ್ಲಿ ಇಲ್ಲಿ ತೆಲುಗು ನರ್ತಕಿಯಾದಳು. ಚಿತ್ರ ವರ್ಷದ ಮೇಲೆ ಓಡಿತು. ದೆವ್ವ ನಂಬುವವರಿಗೆ ಆಚಾರ್ಯರು, ನಂಬದವರಿಗೆ ಡಾಕ್ಟರು, ಎರಡರ ಗೊಡವೆಯೂ ಬೇಡವೆನ್ನುವವರಿಗೆ ಹಾಸ್ಯ ಮತ್ತು ಹಾಡು. ಯಾರೂ ಬರಿಗೈಯಲ್ಲಿ ಮನೆಗೆ ಹೋಗಲಿಲ್ಲ.

ಭಯ, ನಗು, ಹಾಡು ಮೂರನ್ನೂ ಒಂದೇ ಬಾಣಲೆಗೆ ಹಾಕುವುದು ನಮ್ಮವರಿಗೆ ಹೊಸದೇನಲ್ಲ. ಮಲೆನಾಡಿನ ಯಕ್ಷಗಾನ ಬಯಲಾಟ ನೋಡಿ ಬೆಳೆದವರಿಗೆ ಇದು ಗೊತ್ತು. ನಡುರಾತ್ರಿ ಚಂಡೆಯ ಅಬ್ಬರಕ್ಕೆ ಬಣ್ಣದ ವೇಷ ಕೂಗುತ್ತಾ ಬರುತ್ತದೆ, ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಸ್ವಲ್ಪ ಹೊತ್ತಿಗೆ ಹಾಸ್ಯಗಾರ ಬಂದು ಅದೇ ಮಕ್ಕಳನ್ನು ನಗಿಸುತ್ತಾನೆ. ದೂರದ ಅಮೆರಿಕದಲ್ಲೂ ಇಂಥದ್ದೇ ಒಂದು ಕಥೆಯಿದೆ. 1975ರಲ್ಲಿ ಬಂದ ‘ದಿ ರಾಕಿ ಹಾರರ್ ಪಿಕ್ಚರ್ ಷೋ’ ಎಂಬ ಹಾಡು, ಹಾಸ್ಯ, ಭೂತಬಂಗಲೆಯ ಚಿತ್ರ ಮೊದಲು ಸೋತಿತು. ಮರುವರ್ಷ ನ್ಯೂಯಾರ್ಕಿನಲ್ಲಿ ಮಧ್ಯರಾತ್ರಿಯ ಆಟಗಳು ಶುರುವಾದ ಮೇಲೆ ಜನ ವೇಷ ಹಾಕಿಕೊಂಡು ಬಂದರು, ತೆರೆಯ ಪಾತ್ರಗಳಿಗೆ ಎದುರುತ್ತರ ಕೊಟ್ಟರು, ಅಕ್ಕಿ ಎರಚಿದರು. ಇಂಥ ಚಿತ್ರಗಳಲ್ಲಿ ಪ್ರೇಕ್ಷಕ ಸುಮ್ಮನೆ ಕೂರುವುದಿಲ್ಲ. ಕಥೆಯನ್ನು ತನ್ನದಾಗಿ ಮಾಡಿಕೊಂಡು ಹೊರಗೆ ಹೊತ್ತೊಯ್ಯುತ್ತಾನೆ.

ಹೊರಗೆ ಒಯ್ದ ಮೇಲೆ ಏನು ಮಾಡುತ್ತಾನೆ ಎಂಬುದೇ ಪ್ರಶ್ನೆ.

ಜಗುಲಿಯಲ್ಲಿ ಮಾತು ಅಷ್ಟರಲ್ಲಿ ಶಾಪದ ಕಡೆ ತಿರುಗಿತ್ತು. “ಆ ಹುಡುಗಿ ಸೌಂದರ್ಯ ಸಿನಿಮಾ ಬರೋಕೆ ಮುಂಚೆನೇ ಹೋದಳು. ಎರಡನೇ ಭಾಗ ಮಾಡಿದ್ರು, ವಿಷ್ಣುವರ್ಧನ್ ಹೋದ. ನಾಗವಲ್ಲಿ ಬಿಡ್ತಾಳಾ?” ಎಂದರು ಅಜ್ಜಿ. ಹೀಗೆ ಹೇಳಿದವರು ಅವರೊಬ್ಬರೇ ಅಲ್ಲ. ಸೌಂದರ್ಯ ತೀರಿಕೊಂಡದ್ದು 2004ರ ಏಪ್ರಿಲ್ 17ರ ವಿಮಾನ ದುರಂತದಲ್ಲಿ. ವಿಷ್ಣುವರ್ಧನ್ ಹೃದಯಾಘಾತದಿಂದ ನಿಧನರಾದದ್ದು 2009ರ ಡಿಸೆಂಬರ್ 30ರಂದು. ‘ಆಪ್ತರಕ್ಷಕ’ ತೆರೆಗೆ ಬಂದದ್ದು 2010ರ ಫೆಬ್ರವರಿಯಲ್ಲಿ. ಎರಡು ಸಾವು, ಎರಡು ಸಿನಿಮಾ. ಇಷ್ಟು ಸಾಕಲ್ಲ, ಊರೆಲ್ಲ ಮಾತಾಡಲು!

ಮೊಮ್ಮಗಳು ಬಿಡಲಿಲ್ಲ. “ಅಜ್ಜಿ, ಇದೇ ಪಾತ್ರವನ್ನ ಮಲಯಾಳಂನಲ್ಲಿ ಶೋಭನಾ ಮಾಡಿದ್ರು, ರಾಷ್ಟ್ರಪ್ರಶಸ್ತಿ ಬಂತು. 2005ರಲ್ಲಿ ತಮಿಳಿನ ‘ಚಂದ್ರಮುಖಿ’ಯಲ್ಲಿ ಜ್ಯೋತಿಕಾ ಮಾಡಿದ್ರು, 2007ರಲ್ಲಿ ಹಿಂದಿಯಲ್ಲಿ ವಿದ್ಯಾ ಬಾಲನ್ ಮಾಡಿದ್ರು. ಅವರಿಗೆಲ್ಲ ಏನೂ ಆಗ್ಲಿಲ್ಲ. ಶಾಪ ಕನ್ನಡ ಮಾತ್ರ ಕಲಿತಿತ್ತಾ?”

ಅಜ್ಜಿಗೂ ನಗು ತಡೆಯಲಾಗಲಿಲ್ಲ. ವಿಜ್ಞಾನ ಎಂದರೆ ಇಷ್ಟೇ. ನಮ್ಮ ಮಾತಿಗೆ ಹೊಂದುವ ಎರಡು ಉದಾಹರಣೆ ಸಿಕ್ಕ ಕೂಡಲೇ ನಿಲ್ಲಬಾರದು. ಹೊಂದದ ಉದಾಹರಣೆಗಳನ್ನೂ ಹುಡುಕಿ ಪಕ್ಕದಲ್ಲಿ ಇಟ್ಟು ನೋಡಬೇಕು.

ಹಾಗೆಂದು ಸಿನಿಮಾದ ಡಾಕ್ಟರು ಹೇಳಿದ್ದೆಲ್ಲ ವೈದ್ಯಶಾಸ್ತ್ರವೂ ಅಲ್ಲ. ಒಬ್ಬರಲ್ಲೇ ಬೇರೆ ಬೇರೆ ವ್ಯಕ್ತಿತ್ವ ಕಾಣಿಸಿಕೊಳ್ಳುವ ಈ ತೊಂದರೆಗೆ ಮೊದಲು ‘ಮಲ್ಟಿಪಲ್ ಪರ್ಸನಾಲಿಟಿ’ ಎಂಬ ಹೆಸರಿತ್ತು. 1994ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಅದನ್ನು ‘ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್’ ಎಂದು ಬದಲಿಸಿತು. ಬಾಲ್ಯದಲ್ಲಿ ಪಟ್ಟ ಕಠಿಣ ನೋವಿನೊಂದಿಗೆ ಇದಕ್ಕೆ ಹೆಚ್ಚಾಗಿ ನಂಟಿರುತ್ತದೆ. ಇದು ಒಂದು ರಾತ್ರಿ, ಒಂದು ಹಾಡು, ಒಂದು ಗೊಂಬೆಯಿಂದ ವಾಸಿಯಾಗುವುದಿಲ್ಲ. ವರ್ಷಗಟ್ಟಲೆ ತಾಳ್ಮೆಯಿಂದ ಕೂತು ಮಾತಾಡಿಸುವ ಚಿಕಿತ್ಸೆ ಬೇಕು. ಆದರೂ “ಇದು ಗಾಳಿಯಲ್ಲ, ಕಾಯಿಲೆ” ಎಂದು ಲಕ್ಷಾಂತರ ಜನರ ಮುಂದೆ ಹೇಳಿತಲ್ಲ, ಆ ಪುಣ್ಯ ಚಿತ್ರಕ್ಕೆ ಸಲ್ಲಬೇಕು.

ಇಷ್ಟು ಹೊತ್ತೂ ಮಾತಾಡದೆ ಇದ್ದವಳು ಅಮ್ಮ. “ನಂಗೆ ಅನ್ನಿಸಿದ್ದೇ ಬೇರೆ” ಎಂದಳು. “ಅಷ್ಟು ದೊಡ್ಡ ಮನೆ, ತುಂಬ ಜನ. ಆ ಗಂಗಾ ಒಬ್ಬಳೇ ಕೂತಿರ್ತಾಳೆ. ಅವಳಿಗೆ ಏನಾಗಿದೆ ಅಂತ ಹೊರಗಿನ ಡಾಕ್ಟರು ಬಂದು ನೋಡಬೇಕಾಯ್ತು.”

ಆಮೇಲೆ ಮಗನ ಕಡೆ ತಿರುಗಿ ಕೇಳಿದಳು, “ನಿಮ್ಮ ಕ್ಲಾಸಿನ ಆ ಹುಡುಗಿ ಶಾಲೆಗೆ ಬರ್ತಿದಾಳೇನೋ?”

ಹುಡುಗ ತಲೆ ತಗ್ಗಿಸಿದ. ಎರಡು ವಾರದ ಹಿಂದೆ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಅವನ ತರಗತಿಯ ಹುಡುಗಿಯೊಬ್ಬಳು ಸೆಟೆದು ಬಿದ್ದಿದ್ದಳು. ಕೈಕಾಲು ಅದುರಿದವು, ಬಾಯಲ್ಲಿ ನೊರೆ ಬಂತು. ಮಾರನೆಯ ದಿನವೇ ಹುಡುಗರು ಅವಳಿಗೆ ಹೆಸರಿಟ್ಟರು: ನಾಗವಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡರೆ ‘ರಾ ರಾ’ ಎಂದು ಹಾಡಿದರು. ಮನೆಯವರು ಮೊದಲು ತಾಯಿತ ಕಟ್ಟಿಸಿ, ಆಮೇಲೆ ಶಿವಮೊಗ್ಗಕ್ಕೆ ಕರೆದೊಯ್ದರು. ಡಾಕ್ಟರು ಮೂರ್ಛೆರೋಗವೆಂದು ಗುರುತಿಸಿ ಮಾತ್ರೆ ಕೊಟ್ಟಿದ್ದಾರೆ. ಮಿದುಳಿನ ವಿದ್ಯುತ್ ಸಂಕೇತಗಳು ಕೆಲವು ಕ್ಷಣ ಅಡ್ಡಾದಿಡ್ಡಿಯಾಗುವ ಕಾಯಿಲೆ ಅದು. ಸರಿಯಾದ ಚಿಕಿತ್ಸೆ ಸಿಕ್ಕರೆ ಹತ್ತರಲ್ಲಿ ಏಳು ಜನ ಮೂರ್ಛೆಯಿಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

“ಹಾಲಿನ ಡೇರಿಲಿ ಅವಳ ಅಮ್ಮ ಸಿಕ್ಕಿದ್ಲು” ಎಂದಳು ತಾಯಿ. “ಮಾತ್ರೆ ಹಿಡಿದಿದೆಯಂತೆ. ಆದ್ರೆ ಹುಡುಗಿ ಶಾಲೆಗೆ ಹೋಗಲ್ಲ ಅಂತ ಹಟ ಹಿಡಿದಿದಾಳೆ. ಬಿದ್ದಿದ್ದಕ್ಕಲ್ಲ, ಆ ಹೆಸರಿಗೆ.”

“ನಾನೊಬ್ಬನೇ ಅಲ್ಲಮ್ಮ, ಎಲ್ರೂ ಕರೆದ್ರು.”

“ಮೊದಲು ಕರೆದದ್ದು ಯಾರು?”

ಹುಡುಗ ಉತ್ತರಿಸಲಿಲ್ಲ. ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ಅಜ್ಜಿಯೇ ಮೆಲ್ಲಗೆ ಹೇಳಿದರು: “ನಾಟಕದ ಹೆಸರು ನಾಟಕಕ್ಕೆ ಇರಲಿ ತಮ್ಮಾ. ಹೆಣ್ಣುಮಗೀಗೆ ಅಂಟಿಸಬಾರದು.”

ಸಿನಿಮಾ ನೋಡಿ ಹೆದರಿದ ಮಗುವಿಗೆ “ಅದೆಲ್ಲ ಸುಳ್ಳು, ಮಲಗು” ಎಂದು ಗದರುವ ಹಿರಿಯರೇ ಹೆಚ್ಚು. ಹತ್ತು ನಿಮಿಷ ಕೂತು ಮಾತಾಡಿದರೆ ಮಗುವಿನ ಹೆದರಿಕೆಯ ಜೊತೆಗೆ ಇನ್ನೇನೇನೋ ಹೊರಗೆ ಬರುತ್ತದೆ. ಇಂದು ಮನಸ್ಸಿನ ತೊಂದರೆಗೆ ಸಲಹೆ ಕೇಳಲು ಬೆಂಗಳೂರಿನವರೆಗೆ ಹೋಗಬೇಕಾಗಿಯೂ ಇಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲದೆ.

ಆ ರಾತ್ರಿ ಅಮ್ಮ ಬ್ಯಾಟರಿ ಹಿಡಿದು ಹಿತ್ತಿಲಿಗೆ ಹೋದಳು, ಹಿಂದೆ ಹುಡುಗ. ಬಚ್ಚಲಲ್ಲಿ ಇದ್ದದ್ದು ಒಂದು ಕಪ್ಪೆ.

ಸೋಮವಾರ ಬೆಳಿಗ್ಗೆ ಡೇರಿಗೆ ಹಾಲು ಕೊಟ್ಟು ಬರುವುದಾಗಿ ಅವನೇ ಹೊರಟ. ಒಂದು ಕೈಯಲ್ಲಿ ಹಾಲಿನ ಕ್ಯಾನು. ಇನ್ನೊಂದು ಕೈಯಲ್ಲಿ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಚೀಲ ಸುತ್ತಿದ ಅವನ ವಿಜ್ಞಾನದ ನೋಟ್ಸು. ಎರಡು ವಾರದ ಪಾಠ ಅದರಲ್ಲಿತ್ತು.