ಬೋರ್ಡಿಂಗಿನ ಅಮ್ಮನವರ ಚಿತ್ರ

ನಮ್ಮ ಶಾಲೆಯ ಊಟದ ಕೋಣೆಯಲ್ಲಿ ಬೋರ್ಡಿಂಗಿನ ಅಮ್ಮನವರ ಪಟವೊಂದಿರಬೇಕೆಂದು ಹಳೆಯ ವಿದ್ಯಾರ್ಥಿನಿಯರನೇಕರು ನಮ್ಮನ್ನು ಕೇಳಿಕೊಂಡಿದ್ದರು. ನಾವು ಅವರನ್ನು ಕಂಡದ್ದು ಅವರ ತಲೆ ನರೆತ ಮೇಲೆ. ನಮಗಾಗ ಏಳೋ ಎಂಟೋ ವರ್ಷ. ಈಗ ಉಳಿದಿರುವುದಾದರೋ ಅದಕ್ಕೂ ಬಹಳ ಹಿಂದಿನ ಒಂದು ಗುಂಪು ಛಾಯಾಚಿತ್ರ ಮಾತ್ರ. ಅದರಲ್ಲಿ ಅವರ ಮುಖವು ಹೆಬ್ಬೆರಳಿನ ಉಗುರಿನಷ್ಟು ಗಾತ್ರದ್ದು. ಟ್ರೈನಿಂಗ್ ಶಾಲೆಯಲ್ಲಿ ಕಲಿತ ಜಲವರ್ಣದ ವಿದ್ಯೆಯು ಅಷ್ಟಿಷ್ಟು ನಮ್ಮಲ್ಲಿ ಉಳಿದಿದ್ದುದರಿಂದ ಈ ಕೆಲಸವನ್ನು ನಾವೇ ಕೈಕೊಂಡೆವು.

ಮೊದಲು ಕಾಗದವನ್ನು ನೆನೆಸಿ, ಅಂಟುಪಟ್ಟಿಯಿಂದ ಹಲಗೆಗೆ ಬಿಗಿದು ಒಣಗಿಸಿದೆವು. ಇಲ್ಲವಾದರೆ ಬಣ್ಣದ ನೀರು ತಾಗಿದೊಡನೆ ಅದು ಹಪ್ಪಳದಂತೆ ಉಬ್ಬುವುದು. ಮುಖವನ್ನು ದೊಡ್ಡದಾಗಿ ಅಚ್ಚುಮಾಡಿಸಿ, ಅದರ ಮೇಲೂ ಕಾಗದದ ಮೇಲೂ ಸಮಸಂಖ್ಯೆಯ ಚೌಕಗಳನ್ನೆಳೆದು, ಒಂದೊಂದು ಚೌಕದೊಳಗಿನದನ್ನು ಪೆನ್ಸಿಲಿನಿಂದ ತೆಳ್ಳಗೆ ಎತ್ತಿಕೊಂಡೆವು. ಜಲವರ್ಣದಲ್ಲಿ ಬೆಳಕೆಂಬುದು ಕಾಗದದ ಬಿಳುಪೇ. ಆದಕಾರಣ ಮೂಗಿನ ತುದಿ, ಕೆಳದುಟಿಯ ಹೊಳಪು, ಕಣ್ಣಿನೊಳಗಣ ಚುಕ್ಕೆ ಇವುಗಳನ್ನು ಮೊದಲೇ ಗುರುತಿಸಿ ಮುಟ್ಟದೆ ಬಿಡಬೇಕು. ನಮ್ಮ ಡ್ರಾಯಿಂಗ್ ತರಗತಿಯಲ್ಲಿ ಈ ಮಾತನ್ನು ಎಷ್ಟು ಸಾರಿ ಹೇಳಿದ್ದೇವೋ ಲೆಕ್ಕವಿಲ್ಲ. ಹಾಗೆ ಹೇಳಿದವರೇ ತಪ್ಪಿದೆವು.

ಛಾಯಾಚಿತ್ರದಲ್ಲಿ ಅಮ್ಮನವರ ಮುಖವು ಬಹು ಕಪ್ಪಾಗಿತ್ತು. ಹಳೆಯ ಗಾಜಿನ ಫಲಕಗಳು ಮುಖ್ಯವಾಗಿ ನೀಲಿ ಬೆಳಕನ್ನೇ ಗ್ರಹಿಸುತ್ತಿದ್ದವು. 1873ರಲ್ಲಿ ಜರ್ಮನಿಯ ಫೋಗೆಲ್ ಎಂಬ ಪಂಡಿತರು ಬಣ್ಣದ ದ್ರವ್ಯವನ್ನು ಸೇರಿಸಿ ಅವುಗಳಿಗೆ ಹಸುರೂ ಕಾಣುವಂತೆ ಮಾಡುವ ಉಪಾಯವನ್ನು ಕಂಡುಹಿಡಿದರು. ಆ ಬಳಿಕವೂ ಬಹುಕಾಲ ಸಾಧಾರಣ ಫಲಕಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ಬೆರೆತ ಕಂದು ಮೈಬಣ್ಣವು ಇದ್ದುದಕ್ಕಿಂತ ಕಪ್ಪಾಗಿ ಬೀಳುತ್ತಿತ್ತು. ಇದನ್ನು ಓದಿ ತಿಳಿದಿದ್ದ ನಾವು ತಿದ್ದುವ ನೆವದಿಂದ ಮಿತಿಮೀರಿದೆವು. ವಿನ್ಸರ್ ಅಂಡ್ ನ್ಯೂಟನ್ ಕಂಪನಿಯವರು 1834ರಲ್ಲಿ ಮಾರಾಟಕ್ಕೆ ತಂದ ಚೈನೀಸ್ ವೈಟ್ ಎಂಬ ಸತುವಿನ ಬಿಳುಪಿದೆಯಷ್ಟೆ, ಅದನ್ನು ಕೆನ್ನೆಗೂ ಹಣೆಗೂ ಬೆರೆಸಿದೆವು. ಚಿತ್ರವು ಅಂದವಾಗಿದೆಯೆಂದು ನಮಗೇ ತೋರಿತು.

ಅಮ್ಮನವರ ಕೈತುತ್ತು ಉಂಡು ಬೆಳೆದ ವೃದ್ಧೆಯೊಬ್ಬರು ಅದನ್ನು ನೋಡಿ, "ಇವರು ಯಾರು? ಹೊಸದಾಗಿ ಬಂದ ಟೀಚರೋ?" ಎಂದು ಕೇಳಿದರು. ಬಳಿಕ, "ಅಮ್ಮನವರಿಗೆ ಬಿಳಿ ಸೀರೆ ಎಲ್ಲಿಯದು? ಯಾವಾಗಲೂ ತಿಳಿನೀಲಿ," ಎಂದರು. ನೀಲಿಯು ಆ ಫಲಕದಲ್ಲಿ ಬೆಳ್ಳಗಾಗಿತ್ತು. ಸೀರೆಯ ತಪ್ಪಿಗೆ ಫಲಕವನ್ನು ದೂರಬಹುದು. ಮುಖದ ತಪ್ಪು ನಮ್ಮದೇ. ಶಾಲೆಯ ನಾಟಕಗಳಲ್ಲಿ ರಾಣಿಯ ವೇಷಕ್ಕೆ ಇಷ್ಟು ವರ್ಷ ನಾವು ಎಂಥ ಹುಡುಗಿಯರನ್ನು ಆರಿಸಿದೆವೆಂಬುದು ಆ ರಾತ್ರಿ ನೆನಪಾಗಿ ನಿದ್ದೆ ಬಾರಲಿಲ್ಲ.

ಎರಡನೆಯ ಸಾರಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಕಿಟಕಿಯ ಬಳಿ ಕುಳ್ಳಿರಿಸಿಕೊಂಡೆವು. ಅವಳ ಮೈಬಣ್ಣವು ಅಮ್ಮನವರದರಂತೆಯೇ ಎಂದು ಆ ವೃದ್ಧೆಯೇ ತೋರಿಸಿಕೊಟ್ಟಿದ್ದರು. "ನನ್ನನ್ನು ಯಾಕೆ, ಟೀಚರ್?" ಎಂದು ಅವಳು ತಲೆ ತಗ್ಗಿಸಿದಳು. ಫೋಟೋ ತೆಗೆಯುವಾಗಲೆಲ್ಲ ಹಿಂದಿನ ಸಾಲಿಗೆ ಸರಿಯುವವಳು ಅವಳು. ನಿನ್ನ ಹಣೆಯ ಬಣ್ಣವು ನಮಗೆ ಬೇಕಾಗಿದೆಯೆಂದೆವು. ನಿಧಾನವಾಗಿ ತಲೆಯೆತ್ತಿದಳು.

ನೋಡಿದರೆ ಅದು ಒಂದೇ ಬಣ್ಣವಲ್ಲ! ಹಣೆಯಲ್ಲಿ ಹಳದಿ ಕಾವಿ, ಕೆನ್ನೆಯಲ್ಲಿ ಸುಟ್ಟ ಸಿಯೆನ್ನದ ಕೆಂಪು. ಗದ್ದದ ಕೆಳಗಣ ನೆರಳಿನಲ್ಲಿ ಅಲ್ಟ್ರಾಮರೀನ್ ನೀಲಿ ಬೆರೆತ ಕಂದು. ಬೆಳಕು ಬಿದ್ದ ಕಡೆ ಆಕಾಶದ ಛಾಯೆ. ಬಿಳುಪಿನ ಡಬ್ಬಿಯನ್ನು ತೆರೆಯಲೇ ಇಲ್ಲ. ತೆಳುವಾದ ಪದರ ಹಚ್ಚಿ, ಅದು ಪೂರ್ತಿ ಒಣಗಿದ ಮೇಲೆ ಇನ್ನೊಂದು, ಹೀಗೆ ಐದು ಪದರಗಳು. ಮಳೆಗಾಲವಾದುದರಿಂದ ಬಹಳ ಹೊತ್ತು ಹಿಡಿಯಿತು. ಕಣ್ಣಿನ ಪಾಪೆಯನ್ನೂ ಮೂಗಿನ ಹೊಳ್ಳೆಯನ್ನೂ ಕಡೆಯಲ್ಲಿ ಬರೆದು, ಕೂದಲಿನ ಅಂಚನ್ನು ಒದ್ದೆ ಕುಂಚದಿಂದ ಮೆತ್ತಗಾಗಿಸಿದೆವು.

ವೃದ್ಧೆಯನ್ನು ಮತ್ತೆ ಕರೆತರಿಸಿದೆವು. ಬಹಳ ಹೊತ್ತು ನಿಂತು ನೋಡಿ, ಸೆರಗಿನಿಂದ ಕಣ್ಣೊರಸಿಕೊಂಡು, "ಹೌದು, ಇವರೇ," ಎಂದರು. ತರುವಾಯ ಬೆರಳಿಟ್ಟು ತೋರಿಸಿ, "ಸೀರೆಯ ಅಂಚು ಮಾತ್ರ ಕೆಂಪು, ಕಪ್ಪಲ್ಲ," ಎಂದರು.

ಫಲಕಕ್ಕೆ ಕೆಂಪು ಕಾಣದೆಂದು ಊರಿಗೆಲ್ಲ ಹೇಳಿದವರು ನಾವೇ! ಕಪ್ಪಿನ ಮೇಲೆ ಕೆಂಪು ಏರದಾದ್ದರಿಂದ ಮೂರನೆಯ ಕಾಗದವು ಈಗ ಹಲಗೆಯ ಮೇಲೆ ಒಣಗುತ್ತಲಿದೆ. ಆ ಹುಡುಗಿಯು ನಾವು ಕರೆಯುವುದಕ್ಕೆ ಮುಂಚೆಯೇ ಬಂದು ಕಿಟಕಿಯ ಬಳಿ ಕುಳಿತಿದ್ದಾಳೆ.