ಹರಿದ ಮೂಲೆ

ಅಪ್ಪ ಹಗಲು ಫೋರ್ಟಿನ ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಆ ಶಾಲೆಯ ಬಾಗಿಲಲ್ಲಿ ತೆಗೆಸಿಕೊಂಡ ಒಂದೇ ಒಂದು ಫೋಟೋ ನಮ್ಮ ಡೊಂಬಿವಲಿ ಮನೆಯಲ್ಲಿದೆ. ಮೇಲಿನ ಮೂಲೆ ಹರಿದಿದೆ. ಶಾಲೆಯ ಬೋರ್ಡಿನಲ್ಲಿ ಉಳಿದದ್ದು ಎರಡಕ್ಷರ.

ಫೋಟೋಶಾಪ್‌ನಲ್ಲಿ ಹರುಕು ಮುಚ್ಚುವುದು ಹೊಸದಲ್ಲ. 2010ರ 'ಕಂಟೆಂಟ್ ಅವೇರ್ ಫಿಲ್' ಅದೇ ಚಿತ್ರದ ಬೇರೆ ಭಾಗದಿಂದ ಕಡ ತಂದು ತೇಪೆ ಹಾಕುತ್ತಿತ್ತು. 2023ರಲ್ಲಿ ಬಂದ 'ಜನರೇಟಿವ್ ಫಿಲ್' ಹಾಗಲ್ಲ. ಅಸಂಖ್ಯ ಚಿತ್ರಗಳಿಂದ ಕಲಿತು, ಇಲ್ಲದ್ದನ್ನು ಹೊಸದಾಗಿ ಬಿಡಿಸುತ್ತದೆ.

ಮೂಲೆಯನ್ನು ಆಯ್ದು ಗುಂಡಿ ಒತ್ತಿದೆ. ಮೂರು ಮಾದರಿ ಬಂದವು. ಗೋಡೆ, ನೆರಳು, ಹಳೆಯ ಕಾಗದದ ಮಬ್ಬು ಎಲ್ಲ ಸರಿ. ಬೋರ್ಡಿನ ಮೇಲೆ ಮಾತ್ರ ಕನ್ನಡದಂತೆ ಕಾಣುವ ದುಂಡು ಗೆರೆಗಳು, ಒಂದೂ ಅಕ್ಷರವಲ್ಲ. ಅಮ್ಮ ಕನ್ನಡಕ ಏರಿಸಿ ನೋಡಿದರು. "ಓದಲಿಕ್ಕೆ ಆಗುದಿಲ್ಲ ಮಗಾ, ಕಣ್ಣು ಮಂಜಾಗಿದೆ" ಅಂದರು.

ಅನುವಾದಕ್ಕೆ ಬಂದ ದಾಖಲೆಯಲ್ಲಿ ಪದ ಅಳಿಸಿಹೋಗಿದ್ದರೆ ನಾನು 'ಓದಲಾಗುತ್ತಿಲ್ಲ' ಎಂದು ಕಂಸದಲ್ಲಿ ಬರೆಯುತ್ತೇನೆ. ಊಹಿಸಿ ತುಂಬುವ ಆಸೆ ಆಗುವುದುಂಟು. ತುಂಬಿದರೆ ಓದುವವರು ಅಮ್ಮನ ಹಾಗೆ ತಮ್ಮ ಕಣ್ಣನ್ನೇ ಅನುಮಾನಿಸಬೇಕಾಗುತ್ತದೆ.

ಮಾಡಿದ್ದನ್ನು ಅಳಿಸಿ, ಹರಿದ ಮೂಲೆಯ ಸಮೇತ ಪ್ರಿಂಟ್ ಹಾಕಿಸಿ ಕೊಟ್ಟೆ. ಅಮ್ಮ ಹರುಕಿನ ಮೇಲೆ ಬೆರಳಿಟ್ಟು, "ಬೋರ್ಡು ಇಲ್ಲಿತ್ತು" ಅಂದರು.